ಕುದುರೆಮುಖದ ಹುಲ್ಲಿನಲ್ಲಿ ಆರೆಸಳಿನ ಹಳದಿ ಹೂ

ಶುಕ್ರವಾರ: ಪದವಿನಿಂದ ಘಟ್ಟಕ್ಕೆ

ಮಳೆಗಾಲದ ಕರಾವಳಿಯಲ್ಲಿ ಹಳದಿ ಹೂವಿಗೆ ಬರವಿಲ್ಲ. ಮಂಗಳೂರಿನಿಂದ ಉಡುಪಿಯವರೆಗೆ ಹೆದ್ದಾರಿಯ ಬದಿಗೆ, ಮನೆಗಳ ಕಂಪೌಂಡಿನ ಕೆಳಗೆ, ಚರಂಡಿಯ ಅಂಚಿನಲ್ಲಿ ನೆಲ ಕಾಣದಂತೆ ಹಬ್ಬಿಕೊಂಡಿರುವುದು ವೆಡೇಲಿಯಾ. ಅಮೆರಿಕದ ಉಷ್ಣವಲಯದಿಂದ ಅಲಂಕಾರಕ್ಕೆಂದು ಬಂದು, ತೋಟದ ಬೇಲಿ ದಾಟಿ ಊರನ್ನೇ ಆವರಿಸಿದ ಗಿಡ ಅದು. ದೂರದಿಂದಲೇ ಕಾಣುತ್ತದೆ, ವರ್ಷವಿಡೀ ಅರಳುತ್ತದೆ. ನಮ್ಮದೇ ನೆಲದ ಹಳದಿ ಹೂಗಳು ಹಾಗಲ್ಲ. ಅವು ಕಾಣಬೇಕಾದರೆ ಬಗ್ಗಬೇಕು, ಅವುಗಳ ಹೆಸರು ತಿಳಿಯಬೇಕಾದರೆ ಮಂಡಿಯೂರಬೇಕು.

ಬೆಳಗಿನ ಬಸ್ಸಿನಲ್ಲಿ ನಾನು ಮಂಗಳೂರಿನಿಂದ ಉಡುಪಿಗೆ ಹೊರಟದ್ದು ಅಂಥ ಒಂದು ಹೂವಿನ ಬೆನ್ನು ಹತ್ತಿ. ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಕುದುರೆಮುಖದ ಚಾರಣಕ್ಕೆ ಹೋದವನು ಹುಲ್ಲಿನ ನಡುವೆ ಕಂಡ ಹೂವೊಂದರ ಚಿತ್ರ ತೆಗೆದಿದ್ದ. ಆರು ಎಸಳು, ಆರು ಕೇಸರ, ಅಪ್ಪಟ ಹಳದಿ. ಮನೆಮಂದಿಯೆಲ್ಲ ನೋಡಿದ ಕೂಡಲೇ ನೆಲತಾಳೆ ಎಂದರು. ಮೊಬೈಲ್‌ನಲ್ಲಿ ಗಿಡ ಗುರುತಿಸುವ ಆಪ್ ಕೂಡ ಅದೇ ಹೆಸರು ಕೊಟ್ಟಿತು. ಉಡುಪಿಯ ಸೋದರಮಾವ ಮಾತ್ರ ಒಪ್ಪಲಿಲ್ಲ. ಕಾಲೇಜಿನಲ್ಲಿ ಮೂರು ದಶಕ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು ಅವರು. ಚಿತ್ರವನ್ನು ಹಿಗ್ಗಿಸಿ, ತಿರುಗಿಸಿ ನೋಡಿ, "ಮುಖ ಚೆನ್ನಾಗಿ ಬಂದಿದೆ. ಬುಡ ಎಲ್ಲಿದೆ?" ಎಂದು ಕೇಳಿದ್ದರು. ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ಬುಡ ಇರಲಿಲ್ಲ.

ಘಟ್ಟ ಹತ್ತುವ ಮೊದಲು ಊರಿನ ಗಿಡವನ್ನು ಸರಿಯಾಗಿ ನೋಡಿಕೊಳ್ಳಬೇಕು ಎಂಬುದು ಮಾವನ ಕಟ್ಟುನಿಟ್ಟು. ಹಾಗಾಗಿ ಮೊದಲು ಹೋದದ್ದು ಮಣಿಪಾಲದ ಆಚೆಗಿನ ಮುರಕಲ್ಲಿನ ಪದವಿಗೆ, ಅಂದರೆ ಬಂಡೆಯ ಬಯಲಿಗೆ. ಬೇಸಿಗೆಯಲ್ಲಿ ಕಾದ ಕಾವಲಿಯಂತಿರುವ ಆ ಬಂಡೆಯ ಮೇಲೆ ಆಷಾಢದ ಮಳೆಗೆ ಗೇಣುದ್ದ ಹುಲ್ಲು ಬಂದಿತ್ತು, ತಗ್ಗುಗಳಲ್ಲಿ ನೀರು ನಿಂತಿತ್ತು. ಒಂದು ಮಗ್ಗುಲಲ್ಲಿ ಕಲ್ಲಿನ ಕೋರೆ ಪದವನ್ನು ಚೌಕ ಚೌಕವಾಗಿ ಕೊಯ್ದುಕೊಂಡು ಬರುತ್ತಿದೆ. ನಾಲ್ಕು ತಿಂಗಳ ಮಳೆಯನ್ನೇ ನಂಬಿ ಬದುಕುವ ಎಷ್ಟೋ ಗಿಡಗಳಿಗೆ ಈ ಬಂಡೆಯೇ ಮನೆ. ಕಾಗದಪತ್ರದಲ್ಲಿ ಮಾತ್ರ ಇದು ಪಾಳುಭೂಮಿ.

ನೆಲತಾಳೆ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಪೊದೆಯ ಅಂಚಿನಲ್ಲಿ, ಮಣ್ಣು ತುಸು ದಪ್ಪವಿರುವ ಕಡೆ ಸಾಲಾಗಿ ಎದ್ದಿತ್ತು. ಎಲೆ ಬೀಸಣಿಗೆಯ ಮಡಿಕೆಯಂತೆ ಉದ್ದಕ್ಕೂ ಗೆರೆಗೆರೆಯಾಗಿರುತ್ತದೆ; ಈಗಷ್ಟೇ ಮೊಳೆತ ತಾಳೆಯ ಸಸಿ ಎಂದೇ ಮೊದಲ ನೋಟಕ್ಕೆ ಅನಿಸುತ್ತದೆ. ಬಾಗಿ ನೆಲ ಮುಟ್ಟಿದ ಎಲೆಯ ತುದಿಯೊಂದು ಅಲ್ಲಿಯೇ ಬೇರು ಬಿಟ್ಟು ಪುಟ್ಟ ಸಸಿಯಾಗಿದ್ದುದನ್ನು ಮಾವ ಬೆರಳಿನಿಂದ ಎತ್ತಿ ತೋರಿಸಿದರು. ಹೂಗಳು ಮಾತ್ರ ಎಲೆಗಳ ನಡುವೆ ನೆಲಕ್ಕೆ ಅಂಟಿಕೊಂಡಂತೆ ಕುಳಿತಿದ್ದವು.

"ಈ ಹೂವಿನ ತೊಟ್ಟು ಹಿಡಿದುಕೋ" ಎಂದರು.

ಎಸಳುಗಳ ಕೆಳಗೆ ದಾರದಷ್ಟು ತೆಳ್ಳಗಿನದೊಂದು ಬೆರಳಿಗೆ ಸಿಕ್ಕಿತು.

"ಅದು ತೊಟ್ಟಲ್ಲ ಮಾರಾಯ್ತಿ. ಕೆಳಗೆ ನೋಡು."

ಕಡ್ಡಿಯಿಂದ ಬುಡದ ಮಣ್ಣನ್ನು ಮೆಲ್ಲಗೆ ಕೆದಕಿ, ಕೊಳೆತ ಎಲೆಯ ಪೊರೆಯನ್ನು ಬಿಡಿಸಿದರು. ನಾನು ತೊಟ್ಟು ಎಂದುಕೊಂಡಿದ್ದ ದಾರ ಮಣ್ಣಿನೊಳಗೆ ಇಳಿದು, ಅಲ್ಲಿ ಎಲೆಯ ಬುಡದಲ್ಲಿ ಅಡಗಿದ್ದ ಅಕ್ಕಿಕಾಳಿನಷ್ಟು ಗಾತ್ರದ ಅಂಡಾಶಯಕ್ಕೆ ಸೇರಿಕೊಂಡಿತ್ತು. ಹೂ ಗಾಳಿಯಲ್ಲಿದ್ದರೆ ಅದರ ಅಂಡಾಶಯ ಮಣ್ಣಿನಲ್ಲಿದೆ. ನಡುವೆ ಇರುವುದು ಎರಡನ್ನೂ ಜೋಡಿಸುವ ಉದ್ದನೆಯ ಕೊಳವೆ. ಕಾಯಿ ಕಟ್ಟುವುದೂ ಅಲ್ಲಿಯೇ, ಯಾರ ಕಣ್ಣಿಗೂ ಬೀಳದಂತೆ. ನೆಲತಾಳೆಗೆ ವಿಜ್ಞಾನದ ಹೆಸರು ಕರ್ಕ್ಯುಲಿಗೊ ಆರ್ಕಿಯಾಯಿಡಿಸ್. 1788ರಲ್ಲಿ ಆ ಹೆಸರು ಕೊಟ್ಟ ಜರ್ಮನಿಯ ಯೋಸೆಫ್ ಗೇರ್ಟ್ನರ್ ಕಾಯಿ ಮತ್ತು ಬೀಜಗಳನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ವಿದ್ವಾಂಸ. ಮಣ್ಣಿನಲ್ಲಿ ಅಡಗಿದ ಈ ಕಾಯಿ ಅಂಥವನ ಕೈಗೆ ಸಿಕ್ಕಿದ್ದು ನನಗೆ ಬಹಳ ಸರಿಯೆನಿಸುತ್ತದೆ.

ಕೆದಕಿದ ಮಣ್ಣನ್ನು ಮಾವ ಮತ್ತೆ ಬುಡಕ್ಕೆ ಒತ್ತಿದರು. ನೆಲತಾಳೆಯ ಬೇರು ಔಷಧಿಗೆ ಹೆಸರಾದದ್ದು, ಅಂಗಡಿಯಲ್ಲಿ ಕಪ್ಪು ಮುಸಲಿ ಎಂದು ಮಾರುತ್ತಾರೆ. ಗಡ್ಡೆ ಸಿಗಬೇಕಾದರೆ ಗಿಡವನ್ನೇ ಕೀಳಬೇಕು. ಕಾಸರಗೋಡಿನ ಕಡೆ ಇದೇ ಗಿಡ ನಿಲಪ್ಪನ ಎಂಬ ಹೆಸರಿನಲ್ಲಿ ದಶಪುಷ್ಪಗಳಲ್ಲಿ ಒಂದಾಗಿ ಕರ್ಕಾಟಕ ಮಾಸದಲ್ಲಿ ಮನೆಯೊಳಗೆ ಬರುತ್ತದೆ. ನಮ್ಮಲ್ಲಿ ಅದೇ ಆಟಿ ತಿಂಗಳು. ಮಾವನ ಮನೆಯಲ್ಲಿ ಅತ್ತೆ ಆಗಲೇ ಕೆಸುವಿನ ಎಲೆ ತೊಳೆದು ಪತ್ರೊಡೆಗೆ ಹಿಟ್ಟು ಹಚ್ಚುತ್ತಿದ್ದರು. ಅದನ್ನು ಉಂಡೇ ಹೊರಟೆವು, ಬುತ್ತಿಗೂ ಕಟ್ಟಿಸಿಕೊಂಡೆವು.

ಕಾರ್ಕಳ, ಬಜಗೋಳಿ, ಮಾಳ ದಾಟಿದ ಮೇಲೆ ರಸ್ತೆ ರಾಷ್ಟ್ರೀಯ ಉದ್ಯಾನದೊಳಗೆ ಏರುತ್ತದೆ. ತನಿಖಾ ಠಾಣೆಯಲ್ಲಿ ಹೆಸರು, ವಾಹನದ ಸಂಖ್ಯೆ ಬರೆಸಬೇಕು. ಒಳಗೆ ಕಂಡಕಂಡಲ್ಲಿ ನಿಲ್ಲಿಸುವಂತಿಲ್ಲ. ಎಸ್.ಕೆ. ಬಾರ್ಡರ್, ಅಂದರೆ ಹಳೆಯ ದಕ್ಷಿಣ ಕನ್ನಡದ ಗಡಿಯ ಬಳಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಗಲಿನಲ್ಲೇ ದೀಪ ಹಾಕಿಕೊಂಡು ಹೋದೆವು. ಬಾಳ್ಗಲ್‌ನಲ್ಲಿ ಕಾರು ಬಿಟ್ಟು, ಜೀಪಿನಲ್ಲಿ ಕುಲುಕುತ್ತಾ ಮುಳ್ಳೋಡಿ ಸೇರಿದಾಗ ಕತ್ತಲಾಗಿತ್ತು. ತಂಗಿದ್ದ ಮನೆಯಲ್ಲಿ ಬಿಸಿನೀರು, ಬಿಸಿ ಕಡುಬು, ಕಣಿಲೆ ಪಲ್ಯ. ಹೆಂಚಿನ ಮೇಲೆ ಮಳೆ ರಾತ್ರಿಯಿಡೀ ಬಿಡಲಿಲ್ಲ.

ಶನಿವಾರ: ಹುಲ್ಲಿನ ನಡುವೆ

ಕುದುರೆಮುಖಕ್ಕೆ ಹತ್ತಲು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು, ಸ್ಥಳೀಯ ಮಾರ್ಗದರ್ಶಿ ಜೊತೆಗಿರಬೇಕು, ಕತ್ತಲಾಗುವ ಮೊದಲು ಇಳಿದಿರಬೇಕು. ಮೇಲೆ ಉಳಿಯುವಂತಿಲ್ಲ. ಈ ಮೂರೂ ನಿಯಮ ನನಗೆ ಇಷ್ಟ. ನಮ್ಮ ಜೊತೆ ಬಂದ ಗೌಡರು ಇದೇ ಊರಿನವರು. ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕೋಲು, ಸೊಂಟದಲ್ಲಿ ಉಂಬಳಕ್ಕೆಂದು ಸುಣ್ಣ ಮತ್ತು ಹೊಗೆಸೊಪ್ಪಿನ ಗಂಟು. ಹೂ ನೋಡಲು ಬಂದವರು ಎಂದಾಗ ನಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಹಾಗಾದರೆ ತುದಿ ಮುಟ್ಟಬೇಕೆಂಬ ಹಟ ಇಲ್ಲ ತಾನೇ?" ಎಂದು ಕೇಳಿದರು. ಇಲ್ಲ ಎಂದೆವು. ಶಿಖರದ ಎತ್ತರ 1,894 ಮೀಟರ್. ನಮಗೆ ಬೇಕಾಗಿದ್ದುದು ಅದರ ಕೆಳಗಿನ ಹುಲ್ಲು.

ಮೊದಲ ಭಾಗ ತೋಟ, ಕಾಡು, ತೊರೆ. ಒಂಟಿಮರ ದಾಟಿದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಕಣಿವೆಯ ಮಡಿಲಲ್ಲಿ ಕಪ್ಪುಹಸುರಿನ ಶೋಲಾ ಕಾಡು, ಅದರ ಅಂಚಿನಿಂದಲೇ ಗೆರೆ ಕೊರೆದಂತೆ ಶುರುವಾಗುವ ಹುಲ್ಲು, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ್ಡ ಈಚಲು ಮತ್ತು ಜರಿಗಿಡ. ಕರಾವಳಿಯಲ್ಲಿ ಹುಲ್ಲು ಎಂದರೆ ಮುಳಿಹುಲ್ಲು, ಮಾಡಿಗೆ ಹೊದಿಸುವುದು, ದನಕ್ಕೆ ಹಾಕುವುದು ಎಂದು ಬೆಳೆದ ನಮಗೆ ಇಲ್ಲಿ ಹುಲ್ಲೇ ಒಂದು ಕಾಡು ಎಂಬುದು ಕಣ್ಣಾರೆ ನೋಡಿದ ಮೇಲೆಯೇ ಮನಸ್ಸಿಗೆ ಇಳಿಯುವುದು.

ಹಳದಿ ಹೂ ಕಂಡಲ್ಲೆಲ್ಲ ಮಾವ ನಿಲ್ಲುತ್ತಿದ್ದರು. ಮೊದಲ ಕೆಲಸ ಎಸಳು ಎಣಿಸುವುದು. ನೀರು ಜಿನುಗುವ ಜಾಗದಲ್ಲಿ ಕಡ್ಡಿಯಂಥ ಕಾಂಡದ ತುದಿಗೆ ಕಂದು ಗುಂಡು, ಅದರಿಂದ ಇಣುಕುವ ಮೂರು ಹಳದಿ ಎಸಳು: ಅದು ಕ್ಸೈರಿಸ್. ಗದ್ದೆಬದುವಿನಲ್ಲೂ ಕಾಣುವ ಪುಟಾಣಿ ಹೈಪೆರಿಕಮ್‌ಗೆ ಐದು ಎಸಳು, ನಡುವೆ ಕೇಸರಗಳ ಗೊಂಚಲು, ಎದುರುಬದುರು ಎಲೆ. ಮೂರಾದರೂ ಅಲ್ಲ, ಐದಾದರೂ ಅಲ್ಲ, ಮುಂದೆ ನಡೆ. ಹೀಗೆ ಎಣಿಸುತ್ತಾ ಹೋದರೆ ಹೆಜ್ಜೆ ನಿಧಾನವಾಗುತ್ತದೆ, ಆದರೆ ಬೆಟ್ಟ ಹತ್ತಿರವಾಗುತ್ತದೆ. ಬಂಡೆಯ ಮೇಲೆ ನೀಲಿ ಚುಕ್ಕೆಗಳಂತೆ ಹರಡಿದ ಯುಟ್ರಿಕ್ಯುಲೇರಿಯಾವನ್ನು ಅಂದು ನೋಡಿದಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಬೇರಿಲ್ಲದ ಆ ಗಿಡ ಮಣ್ಣಿನ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳನ್ನು ಇಳಿಬಿಟ್ಟು, ಕಣ್ಣಿಗೆ ಕಾಣದ ಜೀವಿಗಳನ್ನು ಹೀರಿ ಬದುಕುತ್ತದೆ. ಸಾರವೆಲ್ಲ ಮಳೆಗೆ ತೊಳೆದುಹೋದ ಮಣ್ಣಿನಲ್ಲಿ ಅದು ಕಂಡುಕೊಂಡ ದಾರಿ ಅದು.

ಹತ್ತೂವರೆ ಗಂಟೆಯವರೆಗೂ ಮಂಜು ಬಿಡಲಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಆರೆಸಳಿನದು ಎಲ್ಲಿಯೂ ಇಲ್ಲ. ಚಾರಣಿಗರ ಗುಂಪುಗಳು ನಮ್ಮನ್ನು ದಾಟಿ ಹೋಗುತ್ತಲೇ ಇದ್ದವು. ಗೌಡರಿಗೆ ನಾನು ಅಕ್ಕನ ಮಗ ತೆಗೆದ ಚಿತ್ರ ತೋರಿಸಿದೆ. ಅವರು ಮೊಬೈಲ್ ಮೇಲಿನ ಹನಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದರು.

"ಇದಾ ಅಕ್ಕ? ದನ ಹೊಡೆದುಕೊಂಡು ಬರುತ್ತಿದ್ದಾಗ ಎಷ್ಟೋ ನೋಡಿದ್ದೇನೆ. ಈಗ ಹುಡುಕಿದರೆ ಸಿಗುವುದಿಲ್ಲ. ಬಿಸಿಲು ಬಂದರೆ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಹುಲ್ಲಾಗಿಯೇ ಇರುತ್ತದೆ."

ಮಾವ ಥಟ್ಟನೆ ನಿಂತರು. "ಮುಚ್ಚಿದಾಗ ಹೊರಗಡೆ ಹಸುರೇನು?"

"ಹಸುರೇ ಮೇಷ್ಟ್ರೇ. ಕೂದಲು ಕೂದಲಾಗಿರುತ್ತದೆ."

ಮಾವನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಹೇಗೆ ವರ್ಣಿಸಲಿ! ಗೌಡರು ಹೇಳಿದ ಎರಡೂ ಮಾತು ಅವರ ಮನಸ್ಸಿನಲ್ಲಿದ್ದ ಗಿಡಕ್ಕೆ ಹೊಂದುತ್ತಿದ್ದವು. ಇನ್ನು ಹಳದಿಯನ್ನು ಹುಡುಕುವುದು ಬೇಡ, ಕೂದಲಿರುವ ಹುಲ್ಲನ್ನು ಹುಡುಕೋಣ ಎಂದರು. ಮೂವರೂ ದಾರಿಯ ಅಂಚಿನಲ್ಲೇ ಕುಳಿತೆವು. ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು ಎಂದು ಮಾವ ಮೊದಲೇ ಹೇಳಿದ್ದರು. ಕುಳಿತಲ್ಲಿಂದ ಕೈಗೆಟಕುವಷ್ಟೇ ಜಾಗ ಸಾಕಷ್ಟು ದೊಡ್ಡದಾಗಿತ್ತು.

ಮೊದಲು ಸಿಕ್ಕಿದ್ದು ಕಾಯಿ. ಹುಲ್ಲಿನ ಗರಿಗಳನ್ನು ಒಂದೊಂದಾಗಿ ಸರಿಸುತ್ತಿದ್ದ ಮಾವನ ಬೆರಳಿಗೆ, ಅಂಗುಲಕ್ಕಿಂತ ತುಸು ಎತ್ತರದ ನವಿರಾದ ದಂಟೊಂದು ತಗುಲಿತು. ತುದಿಯಲ್ಲಿ ಗದೆಯಾಕಾರದ ಹಸುರು ಕಾಯಿ, ಅದರ ನೆತ್ತಿಯ ಮೇಲೆ ಬಾಡಿದರೂ ಉದುರದೆ ನಿಂತ ಎಸಳುಗಳು. ಕೈಮಸೂರದಲ್ಲಿ ನೋಡಿದರೆ ದಂಟು, ಕಾಯಿ, ಎಸಳಿನ ಬೆನ್ನು ಎಲ್ಲ ಕಡೆಯೂ ಉದ್ದನೆಯ ಬಿಳಿ ಕೂದಲು, ಒಂದೊಂದು ಕೂದಲಿನಲ್ಲೂ ಮಂಜಿನ ಹನಿ. ಕಾಯಿ ಮಣ್ಣಿನೊಳಗಿಲ್ಲ, ಗಾಳಿಯಲ್ಲಿದೆ. ನಿನ್ನೆ ಪದವಿನಲ್ಲಿ ಮಣ್ಣು ಕೆದಕಿ ನೋಡಿದ್ದಕ್ಕೆ ಇದು ತೀರ ತದ್ವಿರುದ್ಧ. ಇಲ್ಲಿರುವುದು ನಿಜವಾದ ತೊಟ್ಟು, ಅದರ ಮೇಲೆ ಅಂಡಾಶಯ, ಅದರ ಮೇಲೆ ಹೂ.

"ಹೈಪಾಕ್ಸಿಸ್" ಎಂದರು ಮಾವ, ಮಸೂರದಿಂದ ಕಣ್ಣು ತೆಗೆಯದೆ.

ಆಮೇಲೆ ಎಲೆ. ನೆಲತಾಳೆಯ ಮಡಿಕೆ ಇದಕ್ಕಿಲ್ಲ. ಹುಲ್ಲಿನಷ್ಟೇ ಕಿರಿದು, ನಡುವೆ ತುಸು ಬಾಗಿ ದೋಣಿಯ ಅಡಿಯಂತೆ, ಅಂಚಿನುದ್ದಕ್ಕೂ ವಿರಳವಾದ ಮೃದು ಕೂದಲು. ಹುಲ್ಲನ್ನು ಬೆರಳಿನಲ್ಲಿ ಎಳೆದರೆ ಅಂಚು ಚುರುಕು ಮುಟ್ಟಿಸುತ್ತದೆ, ಇದು ಮುಟ್ಟಿಸುವುದಿಲ್ಲ. ದಂಟಿನ ಮೇಲ್ಭಾಗದಲ್ಲಿ, ಹೂವಿನ ತೊಟ್ಟು ಹೊರಡುವಲ್ಲಿ ಸೂಜಿಯಂಥ ಸಣ್ಣ ತೊಟ್ಟೆಲೆ. ಇನ್ನೊಂದು ದಂಟಿನಲ್ಲಿ ಒಂದರ ಬದಲು ಎರಡು ಮೊಗ್ಗು. ಮಣ್ಣಿನಡಿ ಗುಂಡನೆಯ ಸಣ್ಣ ಗಡ್ಡೆ ಇರುತ್ತದೆ ಎಂದು ಮಾವ ಹೇಳಿದರು, ತೋರಿಸಲಿಲ್ಲ. "ಮೇಲೆ ಇಷ್ಟೆಲ್ಲ ಹೇಳುತ್ತಿರುವಾಗ ಗಡ್ಡೆಯನ್ನು ಯಾಕೆ ಕೇಳಬೇಕು?" ಎಂಬುದು ಅವರ ಮಾತು. ಗಿಡ ಕೀಳದೆ ಗುರುತಿಸಲು ಸಾಧ್ಯವಿದ್ದಲ್ಲಿ ಕೀಳುವುದು ಪಾಪ ಎಂದೇ ನನ್ನ ಭಾವನೆಯೂ.

ಹನ್ನೊಂದರ ಸುಮಾರಿಗೆ ಗಾಳಿ ತಿರುಗಿತು. ಸಂಸೆಯ ಕಡೆಯ ಕಣಿವೆಯಿಂದ ಮಂಜು ಎದ್ದು ಹೋಗಿ ಬಿಸಿಲು ಬಿತ್ತು. ಗೌಡರು ಕೋಲಿನಿಂದ ತೋರಿಸಿದ ಕಡೆ ಒಂದು, ಸ್ವಲ್ಪ ಹೊತ್ತಿಗೆ ಅದರ ಪಕ್ಕ ಇನ್ನೊಂದು, ನೋಡುತ್ತಾ ಹೋದಂತೆ ಇಳಿಜಾರಿನ ಅಲ್ಲಲ್ಲಿ. ಹೂವಿನ ಅಗಲ ನನ್ನ ಹೆಬ್ಬೆರಳಿನ ಉಗುರಿನಷ್ಟು. ಹೊರಗಿನ ಮೂರು ಎಸಳುಗಳ ಬೆನ್ನು ಹಸುರು, ಕೂದಲಿನದು. ಒಳಗಿನ ಮೂರು ಎರಡೂ ಕಡೆ ಹಳದಿ. ಮುಚ್ಚಿಕೊಂಡಾಗ ಹೊರಗಿನ ಮೂರು ಒಳಗಿನ ಮೂರನ್ನು ಅಪ್ಪಿಕೊಂಡು ಹುಲ್ಲಿನ ಬಣ್ಣವೇ ಆಗಿಬಿಡುತ್ತವೆ. ನಾವು ಬೆಳಗಿನಿಂದ ದಾಟಿ ಬಂದ ದಾರಿಯಲ್ಲಿ ಇದು ಎಷ್ಟು ಇತ್ತೋ! ಅಕ್ಕನ ಮಗನ ಚಿತ್ರವನ್ನು ಪಕ್ಕದಲ್ಲಿ ಹಿಡಿದು ನೋಡಿದೆವು. ಅದರ ಒಂದು ಮೂಲೆಯಲ್ಲಿ, ಎಸಳೊಂದರ ತುದಿ ಹಿಂದಕ್ಕೆ ಮಡಚಿದ ಕಡೆ, ಹಸುರು ಬೆನ್ನಿನ ಮೇಲೆ ಬಿಳಿ ಕೂದಲು ಕಾಣುತ್ತಿತ್ತು. ಅವನು ನೋಡಿದ್ದೂ ಇದನ್ನೇ.

ಪೂರ್ಣ ಹೆಸರು ಹೈಪಾಕ್ಸಿಸ್ ಔರಿಯಾ. ಆ ಹೆಸರು ಕೊಟ್ಟವನು ಪೋರ್ಚುಗಲ್‌ನ ಜೆಸ್ಯುಯಿಟ್ ಪಾದ್ರಿ ಜುವಾವ್ ದೆ ಲೌರೆಯ್ರೊ. ಇಂದಿನ ವಿಯೆಟ್ನಾಂನಲ್ಲಿ ದಶಕಗಳ ಕಾಲ ಇದ್ದು, ಅಲ್ಲಿನ ಸಸ್ಯಗಳ ಬಗ್ಗೆ 1790ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸೇರಿಸಿದ. ಗಿಡದ ಹರವು ದೊಡ್ಡದು: ಹಿಮಾಲಯದಲ್ಲಿ, ಚೀನಾದಲ್ಲಿ, ಜಪಾನಿನಲ್ಲಿ ಇದೆ. ದಕ್ಷಿಣ ಭಾರತದಲ್ಲಿ ಮಾತ್ರ ಅದು ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳನ್ನು ಹಿಡಿದುಕೊಂಡಿದೆ. ನಡುವಿನ ಬಯಲು ಅದಕ್ಕೆ ಕಡಲಿನಷ್ಟೇ ದಾಟಲಾಗದ್ದು. ಮಾವ ತಟ್ಟನೆ ಪಕ್ಕದ ಗಿಡ್ಡ ಈಚಲಿನ ಗರಿ ಹಿಡಿದು, "ಇದರ ಹೆಸರಿನಲ್ಲೂ ಅವನೇ ಇದ್ದಾನೆ" ಎಂದರು. ಹೌದು, ಈ ಬೆಟ್ಟಗಳ ಗಿಡ್ಡ ಈಚಲು ಫೀನಿಕ್ಸ್ ಲೌರೆಯ್ರೋಯಿ. ಎರಡು ಗಿಡವೂ ಒಂದೇ ಇಳಿಜಾರಿನಲ್ಲಿ, ಮಾರು ದೂರದಲ್ಲಿ.

ಚಿತ್ರ ತೆಗೆಯಲು ಹೊತ್ತು ಹಿಡಿಯಿತು. ಇಡೀ ಗಿಡ, ಎಲೆಯ ಮೇಲ್ಮೈ ಮತ್ತು ಕೆಳಮೈ, ತೊಟ್ಟೆಲೆ, ಪಕ್ಕದಿಂದ ಹೂ, ಹಿಂದಿನಿಂದ ಹೂ, ಅಂಡಾಶಯ, ಕಾಯಿ, ಸುತ್ತಲಿನ ಹುಲ್ಲು. ಪ್ರತಿಯೊಂದರಲ್ಲೂ ಪಕ್ಕಕ್ಕೆ ಅಳತೆಪಟ್ಟಿ. ಬಲಿತ ಕಾಯಿಯೊಂದು ಉದ್ದಕ್ಕೆ ಮೂರು ಹೋಳಾಗಿ ಸೀಳಿ, ಒಳಗೆ ಕರಿಮಣಿಯಂಥ ಬೀಜಗಳನ್ನು ತೋರಿಸುತ್ತಿತ್ತು. ಮಸೂರದಡಿ ಬೀಜದ ಮೈ ತುಂಬ ಸಣ್ಣ ಗುಳ್ಳೆ. ನನ್ನ ಕಾಲಿನಲ್ಲಿ ಉಂಬಳಗಳು ಹೊಟ್ಟೆ ತುಂಬ ಉಂಡು ತಾವಾಗಿಯೇ ಉದುರುವಷ್ಟು ಹೊತ್ತು ನಾವು ಅಲ್ಲಿದ್ದೆವು.

ಮುಂದಿನ ತಿರುವಿನವರೆಗೆ ಹತ್ತಿ, ಬುತ್ತಿ ಬಿಚ್ಚಿ ಪತ್ರೊಡೆ ತಿಂದು ಹಿಂದಿರುಗಿದೆವು. ಎರಡು ಗಂಟೆಗೆ ಅದೇ ಜಾಗಕ್ಕೆ ಬಂದಾಗ ಬಿಸಿಲು ಇನ್ನೂ ಇತ್ತು, ಹೂವಿರಲಿಲ್ಲ. ಎಲ್ಲವೂ ಮುಚ್ಚಿದ್ದವು. ಗುರುತಿಗೆ ಇಟ್ಟಿದ್ದ ಕಲ್ಲು ಇಲ್ಲದಿದ್ದರೆ ಜಾಗವೇ ಸಿಗುತ್ತಿರಲಿಲ್ಲ. ಅಪರೂಪ ಎಂದು ನಾವು ಕರೆಯುವುದರಲ್ಲಿ ಗಿಡ ಕಡಿಮೆ ಇರುವುದು ಎಷ್ಟು, ನಾವು ಸರಿಯಾದ ಹೊತ್ತಿಗೆ ಸರಿಯಾದ ಕಡೆ ನೋಡದಿರುವುದು ಎಷ್ಟು ಎಂದು ಮಾವ ಇಳಿಯುವ ದಾರಿಯುದ್ದಕ್ಕೂ ಮಾತನಾಡಿದರು. ಬರುವಾಗ ಗೌಡರು ಆ ಕಲ್ಲನ್ನು ತೆಗೆದು ದೂರ ಎಸೆದರು. ನಾವು ಹೇಳುವ ಮೊದಲೇ ಅವರಿಗೆ ತಿಳಿದಿತ್ತು.

ಭಾನುವಾರ: ಕುದುರೆಮುಖ ಪಟ್ಟಣದ ಮೂಲಕ

ಬೆಳಗ್ಗೆ ಮುಳ್ಳೋಡಿಯಿಂದ ಇಳಿದು, ಕಳಸಕ್ಕೆ ಹೋಗಿ ಕಳಸೇಶ್ವರನ ದರ್ಶನ ಮಾಡಿ, ಕುದುರೆಮುಖ ಪಟ್ಟಣದ ಮೂಲಕ ಹಿಂದಿರುಗಿದೆವು. ಹೋಗುವಾಗ ಮಂಜಿನಲ್ಲಿ ಕಾಣದಿದ್ದದ್ದೆಲ್ಲ ಬರುವಾಗ ಕಂಡಿತು.

ಮಂಗಳೂರಿನವರಿಗೆ ಕುದುರೆಮುಖ ಎಂದರೆ ಬಹುಕಾಲ ಪಣಂಬೂರಿನ ಕಾರ್ಖಾನೆ. 1976ರಲ್ಲಿ ಸ್ಥಾಪನೆಯಾದ ಕಂಪನಿ ಈ ಬೆಟ್ಟಗಳ ಕಬ್ಬಿಣದ ಅದಿರನ್ನು ನೀರಿನೊಂದಿಗೆ ಅರೆದು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಕಡಲತಡಿಗೆ ತರುತ್ತಿತ್ತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ಇಂದಿಗೂ ಇದೆ. ಈ ಕಥೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಇನ್ನೊಂದು ಕಥೆ ರಸ್ತೆ ಬದಿಯಲ್ಲಿ ನಿಂತಿದೆ: ಹುಲ್ಲಿನ ಬೆಟ್ಟದ ಮೇಲೆ ಸಾಲಾಗಿ ನೆಟ್ಟ ಅಕೇಶಿಯಾ.

ಬೋಳು ಬೆಟ್ಟ ಕಂಡರೆ ಮರ ನೆಡಬೇಕು ಎಂದು ನಮಗೆ ಶಾಲೆಯಿಂದಲೇ ಕಲಿಸಿದ್ದಾರೆ. ಆದರೆ ಈ ಬೆಟ್ಟ ಬೋಳಲ್ಲ. ಕಾಡು ಕಡಿದದ್ದರಿಂದ ಉಂಟಾದ ಹುಲ್ಲು ಇದು ಎಂಬ ನಂಬಿಕೆ ಬ್ರಿಟಿಷರ ಕಾಲದಿಂದ ಬಂದದ್ದು. ನೀಲಗಿರಿಯ ಜೌಗುಗಳಲ್ಲಿ ಪದರ ಪದರವಾಗಿ ಕೂತ ಸಸ್ಯಾವಶೇಷಗಳ ಇಂಗಾಲವನ್ನು ಪರೀಕ್ಷಿಸಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 20,000 ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ಇತ್ತು. ಕೊಡಲಿ ಹಿಡಿದ ಮನುಷ್ಯ ಬರುವ ಎಷ್ಟೋ ಮೊದಲು. ಎತ್ತರದ ಬೆಟ್ಟದ ಹುಲ್ಲುಗಾವಲು ತನ್ನಷ್ಟಕ್ಕೆ ತಾನೇ ಒಂದು ಪೂರ್ಣ ವ್ಯವಸ್ಥೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಾವು ನೋಡಿದ ಗಿಡದ ಬದುಕನ್ನು ಗಮನಿಸಿದರೂ ಸಾಕು. ಮಳೆ ನಿಂತ ಮೇಲೆ ಎಲೆ ಒಣಗುತ್ತದೆ, ಗಡ್ಡೆ ಮಣ್ಣಿನಲ್ಲಿ ಮಲಗುತ್ತದೆ. ಬೇಸಿಗೆಯ ಬಿಸಿಲು, ಹುಲ್ಲಿನ ಬೆಂಕಿ ಎಲ್ಲ ಅದರ ಮೇಲೆ ಹಾದುಹೋಗುತ್ತವೆ. ಮುಂಗಾರಿಗೆ ಮತ್ತೆ ಏಳುತ್ತದೆ. ಇಂಥ ಗಿಡ ತಾಳಲಾರದ್ದು ನೆರಳನ್ನು. ಬಿಸಿಲಿಗೆ ಮಾತ್ರ ಬಾಯಿ ಬಿಡುವ ಹೂವಿನ ಮೇಲೆ ಅಕೇಶಿಯಾದ ಕೊಡೆ ಹಿಡಿದು, ಅದರ ಒಣ ಎಲೆಯ ಹೊದಿಕೆ ಹೊದಿಸಿದರೆ ಅದು ಯಾರಿಗೂ ಕಾಣದೆ ಹೋಗುತ್ತದೆ. ಗಣಿಯ ಗಾಯ ದೂರದಿಂದಲೂ ಕಾಣುತ್ತದೆ, ಅದಕ್ಕಾಗಿ ಹೋರಾಟ ನಡೆಯಿತು. ಹಸುರಾಗಿಯೇ ಕಾಣುವ ಈ ನಷ್ಟಕ್ಕೆ ಸಿಟ್ಟಾಗುವವರು ಬೇಕು.

ಚಾರಣದ ದಾರಿಯ ಬಗ್ಗೆಯೂ ಒಂದು ಮಾತು. ಮಳೆಗೆ ದಾರಿ ಕೆಸರಾದಾಗ ಎಲ್ಲರೂ ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡುತ್ತಾರೆ. ಮುಂದಿನ ವಾರ ಅದೂ ಕೆಸರು, ಇನ್ನೂ ಪಕ್ಕಕ್ಕೆ ಇನ್ನೊಂದು ದಾರಿ. ಕೆಲವು ಕಡೆ ಒಂದು ಕಾಲುದಾರಿ ಮೂರಾಗಿ ಹರಿದಿದ್ದನ್ನು ನೋಡಿದೆವು. ಹೈಪಾಕ್ಸಿಸ್ ನಮಗೆ ಸಿಕ್ಕಿದ್ದೇ ದಾರಿಯ ಅಂಚಿನಲ್ಲಿ. ಬೂಟು ಒದ್ದೆಯಾಗುತ್ತದೆ ಎಂದು ಹೆದರದೆ ಕೆಸರಿನಲ್ಲೇ ನಡೆಯಿರಿ ಎಂದು ಗೌಡರು ಪ್ರತಿ ಗುಂಪಿಗೂ ಹೇಳುತ್ತಾರಂತೆ.

ಸೋಮವಾರ: ಉಡುಪಿ

ಮಾವನ ಜಗಲಿಯಲ್ಲಿ ಬೆಳಗಿನಿಂದ ಪುಸ್ತಕ ಹರಡಿಕೊಂಡು ಕುಳಿತೆವು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಈ ಜಿಲ್ಲೆಯ ಸಸ್ಯಗಳ ಬಗ್ಗೆ 2003ರಲ್ಲಿ ಪ್ರಕಟಿಸಿದ ಗ್ರಂಥ ಮಾವನ ಮೇಜಿನ ಮೇಲೆ ಸದಾ ಇರುತ್ತದೆ. ಹೊರಗಿನವರು ಬರೆದದ್ದನ್ನೇ ನಂಬಿಕೊಂಡಿರಬೇಕಾದ ಕಾಲದಲ್ಲಿ ಊರಿನ ಮೇಷ್ಟ್ರೊಬ್ಬರು ಊರಿನ ಗಿಡಗಳನ್ನೆಲ್ಲ ಒಂದೆಡೆ ತಂದದ್ದು ಸಣ್ಣ ಕೆಲಸವಲ್ಲ. ಸಸ್ಯಗ್ರಂಥಗಳಲ್ಲಿ ಗುರುತಿನ ಕೀಲಿ ಇರುತ್ತದೆ: ಪ್ರತಿ ಹೆಜ್ಜೆಗೂ ಎರಡು ಕವಲು, ಹೌದು ಅಥವಾ ಅಲ್ಲ. ನೆಲತಾಳೆಯೂ ಹೈಪಾಕ್ಸಿಸ್ಸೂ ಒಂದೇ ಕುಟುಂಬದವು. ಅಲ್ಲಿಂದ ಎರಡೂ ಬೇರೆಯಾಗುವ ಕವಲಿನಲ್ಲಿ ನಿರ್ಣಾಯಕವಾಗುವುದು ಬಣ್ಣವಲ್ಲ, ಎಸಳಿನ ಎಣಿಕೆಯಲ್ಲ; ಅಂಡಾಶಯದ ಮೇಲೆ ಉದ್ದನೆಯ ಕೊಳವೆ ಇದೆಯೋ ಇಲ್ಲವೋ, ಕಾಯಿ ತಾನಾಗಿ ಬಿರಿಯುತ್ತದೆಯೋ ಇಲ್ಲವೋ. ಎರಡಕ್ಕೂ ನಮ್ಮಲ್ಲಿ ಚಿತ್ರವಿತ್ತು.

ಸಂಜೆಯ ಹೊತ್ತಿಗೆ, ಬೆಂಗಳೂರಿನಲ್ಲಿ ಸಸ್ಯವರ್ಗೀಕರಣದ ಕೆಲಸ ಮಾಡುವ ಮಾವನ ಹಳೆಯ ಶಿಷ್ಯೆಗೆ ಚಿತ್ರಗಳನ್ನು ಕಳುಹಿಸಿದೆವು. ಹೆಸರು ಸರಿ ಎಂದು ಆಕೆ ಉತ್ತರಿಸಿದರು. ಅದರ ಜೊತೆಗೆ ಎರಡು ಸೂಚನೆ: ದಾಖಲೆಯಲ್ಲಿ ಹೂ ಅರಳಿದ ಮತ್ತು ಮುಚ್ಚಿದ ಗಂಟೆ ಬರೆಯಿರಿ, ಜಾಗದ ನಿಖರ ನಿರ್ದೇಶಾಂಕವನ್ನು ಸಾರ್ವಜನಿಕವಾಗಿ ಕೊಡಬೇಡಿ. ಗಡ್ಡೆಯಿರುವ ಗಿಡ ಎಂದ ಕೂಡಲೇ ಅಗೆಯುವ ಕೈಗಳಿರುತ್ತವೆ ಎಂಬುದು ನೆಲತಾಳೆಯ ವಿಷಯದಲ್ಲಿ ನಮಗೆ ಗೊತ್ತೇ ಇದೆ. ಹಾಗಾಗಿ ಸ್ಥಳ ಎಂಬ ಕಾಲಂನಲ್ಲಿ ಉದ್ಯಾನದ ಹೆಸರನ್ನಷ್ಟೇ ಬರೆದೆವು. ನೋಡಿದವರು ಎಂಬಲ್ಲಿ ಗೌಡರ ಹೆಸರನ್ನು ಮೊದಲು ಹಾಕಬೇಕೆಂದು ಮಾವ ಫೋನ್ ಮಾಡಿ ಅವರ ಒಪ್ಪಿಗೆ ಕೇಳಿದರು. ಅವರು ಒಪ್ಪಿದರು, ಮಳೆ ಹೊಳವಾದ ದಿನ ಹತ್ತು ಗಂಟೆಗೆ ಹೋಗಿ ಯಾವ ತಿಂಗಳವರೆಗೆ ಅರಳುತ್ತದೆ ಎಂದು ನೋಡಿ ಹೇಳುವುದಾಗಿಯೂ ಮಾತು ಕೊಟ್ಟರು.

ದಾಖಲೆಗೆ ಸೇರಿಸಿದ ಚಿತ್ರಗಳಲ್ಲಿ ಕಾಯಿಯ ಚಿತ್ರವನ್ನು ಮೊದಲಿಗೆ ಇಟ್ಟಿದ್ದೇವೆ, ಹೂವಿನದು ಅದರ ನಂತರ.